ಮಂತ್ರಿಯ ಮುಂದಣ ಕಾಲಾಳು

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ನಾವು ಬರೆಯುವೆವೆಂದೇ ಅವರು ಎಣಿಸಿದ್ದರು. ಆ ವಿಷಯದಲ್ಲಿ ನಾವು ಹಿಂದೆ ಬರೆದದ್ದುಂಟು, ವೇದಿಕೆಗಳಲ್ಲಿ ಹೇಳಿದ್ದೂ ಉಂಟು. ಈ ಸಲ ಚದುರಂಗವನ್ನು ಕುರಿತು ಬರೆಯುತ್ತೇವೆಂದಾಗ ಅವರು ಕೊಂಚ ತಬ್ಬಿಬ್ಬಾದರು. ಸಾಹಿತ್ಯ ಸಮ್ಮೇಳನಕ್ಕೂ ಚದುರಂಗಕ್ಕೂ ಏನು ನಂಟು ಎಂಬುದು ಅವರ ಸಂಕೋಚ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗದ ವಿನೋದಕ್ಕೂ ಸ್ಥಳವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಕುದುರೆಯನ್ನು 64 ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ನಿಲ್ಲಿಸಿ ಹಾಯಿಸುವ ಬಂಧಗಳನ್ನು ರಚಿಸಿ ಜಗತ್ತಿನ ಗಣಿತಜ್ಞರ ಗಮನ ಸೆಳೆದವರು. ಅರಸರು ಬರೆದ ವಿಷಯವನ್ನು ಮೇಷ್ಟರು ಬರೆಯಬಾರದೆಂದೇನೂ ಇಲ್ಲವಷ್ಟೆ.

ನಾವು ಇಲ್ಲಿ ಹೇಳಹೊರಟಿರುವುದು ಚದುರಂಗದ ಇತಿಹಾಸವನ್ನಲ್ಲ. 71ನೆಯ ವಯಸ್ಸಿನಲ್ಲಿ ನಾವು ಬಿಳಿಯ ಕಾಯಿಗಳಿಂದ ಆಟವನ್ನು ಆರಂಭಿಸುವ ಒಂದು ಕ್ರಮವನ್ನು ಹೊಸದಾಗಿ ಕಲಿತೆವು. ಅದನ್ನು ಏಕೆ ಕಲಿತೆವು, ಈಗ ಅದರಿಂದ ಏನಾಗುತ್ತಿದೆ ಎಂಬಷ್ಟೇ ವಿಷಯ.

ನಮ್ಮ ಬಾಲ್ಯ ತಳಿಯ ಕಡೆಯ ಒಂದು ಹಳ್ಳಿಯಲ್ಲಿ ಕಳೆಯಿತು. ಅಲ್ಲಿ ಜಗಲಿಯ ಕಲ್ಲಿನ ಮೇಲೆ ಸುಣ್ಣದಿಂದ ಗೆರೆ ಎಳೆದು ಹಿರಿಯರು ಆಡುತ್ತಿದ್ದುದು ಹಳೆಯ ಪದ್ಧತಿಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಹೆಜ್ಜೆ ಇಡತಕ್ಕದ್ದು. ರಾಜನನ್ನು ಆನೆಯ ಮರೆಗೆ ಸೇರಿಸುವ ಕೋಟೆಯ ನಡೆ ಇರಲಿಲ್ಲ. ಅದರ ಬದಲು, ಒಮ್ಮೆಯೂ ಷಾ ಬೀಳದಿದ್ದರೆ ರಾಜನು ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದಾಗಿತ್ತು. ಒಂದೊಂದೇ ಹೆಜ್ಜೆಯಾದುದರಿಂದ ಎರಡು ಸೈನ್ಯಗಳು ಮುಖಾಮುಖಿಯಾಗುವುದಕ್ಕೇ ಹತ್ತು ಹನ್ನೆರಡು ನಡೆಗಳು ಬೇಕು. ಅಷ್ಟರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ವ್ಯೂಹವನ್ನು ಕಟ್ಟಿಕೊಳ್ಳುತ್ತಿದ್ದರು. ನಮ್ಮ ತಂದೆಯವರು ವ್ಯೂಹ ಮುಗಿಯುವ ತನಕ ಎದುರಾಳಿಯ ಕಾಯಿಗಳ ಕಡೆ ಹೆಚ್ಚು ನೋಡುತ್ತಲೂ ಇರಲಿಲ್ಲ. ಎಲೆಯಡಿಕೆ ಹಾಕಿಕೊಂಡು ಮಳೆಬೆಳೆಯ ಮಾತಾಡುತ್ತಿದ್ದರು.

ಬಿ.ಎಡ್. ವ್ಯಾಸಂಗಕ್ಕೆ ಮೈಸೂರಿಗೆ ಹೋದಾಗ ವಿದ್ಯಾರ್ಥಿನಿಲಯದಲ್ಲಿ ನಮಗೆ ಹೊಸ ಆಟದ ಪರಿಚಯವಾಯಿತು. ಅಲ್ಲಿ ಎಲ್ಲರೂ ರಾಜನ ಮುಂದಣ ಕಾಲಾಳನ್ನು ಎರಡು ಹೆಜ್ಜೆ ನೂಕಿ ಮೊದಲ ನಡೆಯಲ್ಲಿಯೇ ಜಗಳ ತೆಗೆಯುವವರು. ನಾವೂ ಹಾಗೆಯೇ ಕಲಿತು, ಸುಮಾರು ನಾಲ್ವತ್ತೈದು ವರ್ಷ ಹಾಗೆಯೇ ಆಡಿದೆವು.

ನಿವೃತ್ತಿಯ ಬಳಿಕ ಹೊಸೂರಿನಲ್ಲಿ ನೆಲೆಸಿದ ಮೇಲೆ ನಮಗೆ ಆಟಕ್ಕೆ ಸಿಕ್ಕಿದವರು ಎರಡು ಮನೆ ಆಚೆಯ ನಿವೃತ್ತ ತಮಿಳು ಅಧ್ಯಾಪಕರು. ಇಡೀ ಬೀದಿ ಅವರನ್ನು 'ತಮಿಳಯ್ಯಾ' ಎನ್ನುತ್ತದೆ. ನಾವು 'ಅಯ್ಯಾ' ಎನ್ನುತ್ತೇವೆ. ಅವರು ನಮ್ಮನ್ನು 'ಹೆಡ್‌ಮಾಸ್ಟರ್ ಸಾರ್' ಎಂದು ಕರೆಯುತ್ತಾರೆ. ತಂಜಾವೂರಿನ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲಿಯೇ ಮನೆ ಕಟ್ಟಿದವರು. ನಮ್ಮೊಡನೆ ಆಡುವಾಗ ಕನ್ನಡದಲ್ಲಿಯೇ ಮಾತನಾಡಬೇಕೆಂಬ ಹಠ ಅವರದು. ತಿರುವಾರೂರು ಸೀಮೆಯ ತಿರುಪ್ಪೂವನೂರಿನಲ್ಲಿ ಶಿವನಿಗೆ ಚತುರಂಗ ವಲ್ಲಭನಾಥನೆಂಬ ಹೆಸರಿದೆ. ಅರಸುಕುವರಿಯನ್ನು ಚದುರಂಗದಲ್ಲಿ ಗೆದ್ದು ಕೈಹಿಡಿದನೆಂಬುದು ಅಲ್ಲಿಯ ಐತಿಹ್ಯ. ತಾವು ಗೆದ್ದಾಗಲೆಲ್ಲ ಅಯ್ಯಾ ಆ ದೇವರ ಹೆಸರನ್ನು ಹೇಳಿ ಕೈಮುಗಿಯುವರು. ಹೆಚ್ಚು ಸಲ ಮುಗಿಯುತ್ತಿದ್ದರು. ನಾವು ರಾಜನ ಕಾಲಾಳನ್ನು ನೂಕಿದೊಡನೆ ಅವರು ಸಿಸಿಲಿಯನ್ ರಕ್ಷಣೆಯೆಂಬ ಹರಿತವಾದ ಉತ್ತರವನ್ನು ತೆಗೆಯುವರು. ಅದರಲ್ಲಿ ಇಪ್ಪತ್ತು ನಡೆಗಳವರೆಗೆ ಕಂಠಪಾಠ ಬೇಕು. ಒಂದು ನಡೆ ತಪ್ಪಿದರೂ ಗೋಡೆ ಕುಸಿದಂತೆ. ಅರ್ಧ ಗಂಟೆಯೊಳಗೆ ಆಟ ಮುಗಿದು, ಉಳಿದ ಸಂಜೆಯನ್ನು ಚಂದ್ರಚೂಡೇಶ್ವರನ ಬೆಟ್ಟವನ್ನು ನೋಡುತ್ತ ಕಳೆಯಬೇಕಾಗುತ್ತಿತ್ತು.

2022ರಲ್ಲಿ ಮಾಮಲ್ಲಪುರದಲ್ಲಿ 44ನೆಯ ಚದುರಂಗ ಒಲಿಂಪಿಯಾಡ್ ನಡೆಯಿತು. ಚೆನ್ನೈನ ನೇಪಿಯರ್ ಸೇತುವೆಗೆ ಕಪ್ಪು ಬಿಳಿಯ ಚೌಕಗಳನ್ನು ಬಳಿದುದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿರಬಹುದು. ನಮ್ಮ ಜಿಲ್ಲೆಯ ಶಾಲೆಗಳಲ್ಲಿಯೂ ಮಣೆಗಳು ಹೊರಬಂದವು. ಆ ಉತ್ಸಾಹದ ದಿನಗಳಲ್ಲಿಯೇ ನಾವು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿ ಕುಳಿತಿದ್ದವರು, ಹೊಸ ಆರಂಭವೊಂದನ್ನು ಕಲಿಯಬೇಕೆಂದು ಸಂಕಲ್ಪಿಸಿದೆವು. ನಮ್ಮ ನಿಬಂಧನೆಗಳು ಎರಡೇ. ಕಂಠಪಾಠ ಕಡಿಮೆ ಇರಬೇಕು, ಬೇಗ ಸೋಲಬಾರದು. ಬೆಂಗಳೂರಿನ ಮೊಮ್ಮಗ ಕೇಳಿ ನಕ್ಕು, "ಹಾಗಾದರೆ ಡಿ4 ಆಡಿ ತಾತ" ಎಂದನು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಿಂದ ಹರಿದ ಹೊದಿಕೆಯ ಒಂದು ಪುಸ್ತಕವನ್ನೂ ತಂದುಕೊಟ್ಟನು. ಅದರಲ್ಲಿ ನಮಗೆ ಕಾಲೆ ಪದ್ಧತಿ ಸಿಕ್ಕಿತು.

ಪದ್ಧತಿಯನ್ನು ವಿವರಿಸದೆ ಮುಂದೆ ಹೋಗಲಾಗದು. ಆಟ ಬಾರದವರು ಈ ಭಾಗವನ್ನು ಮನ್ನಿಸಬೇಕು. ರಾಜನ ಮುಂದಣ ಕಾಲಾಳು ಎರಡು ಹೆಜ್ಜೆ ಬಂದು ಇ4ರಲ್ಲಿ ನಿಂತಾಗ ಅದರ ಬೆನ್ನಿಗೆ ಯಾರೂ ಇರುವುದಿಲ್ಲ. ಮಂತ್ರಿಯ ಮುಂದಣ ಕಾಲಾಳು ಡಿ4ಕ್ಕೆ ಬಂದಾಗಲಾದರೋ ಅದರ ಹಿಂದೆ ಸ್ವತಃ ಮಂತ್ರಿಯೇ ನಿಂತಿರುತ್ತಾನೆ. ಮೊದಲ ನಡೆಯಲ್ಲಿಯೇ ಈ ಅಂತರವಿದೆ. ಅನಂತರ ರಾಜನ ಕಡೆಯ ಕುದುರೆ ಎಫ್3ಕ್ಕೆ ಬರುತ್ತದೆ. ರಾಜನ ಕಾಲಾಳು ಒಂದೇ ಹೆಜ್ಜೆ ಇಟ್ಟು ಇ3ರಲ್ಲಿ ನಿಲ್ಲುತ್ತದೆ. ಬಿಳಿ ಮನೆಗಳ ಒಂಟೆ ಡಿ3ಕ್ಕೆ. ಸಿ3ರಲ್ಲಿ ಇನ್ನೊಂದು ಕಾಲಾಳು. ಎರಡನೆಯ ಕುದುರೆ ಡಿ2ಕ್ಕೆ. ರಾಜನು ಕೋಟೆಯೊಳಕ್ಕೆ. ಆನೆ ಇ1ಕ್ಕೆ. ಸಿ3, ಡಿ4, ಇ3 ಎಂಬ ಮೂರು ಕಾಲಾಳುಗಳು ನಮ್ಮ ಒಲೆಯ ಮೂರು ಗುಂಡುಗಳ ಹಾಗೆ ಒಂದಕ್ಕೊಂದು ಆತು ನಿಲ್ಲುತ್ತವೆ. ಎದುರಾಳಿ ಏನನ್ನೇ ಆಡಲಿ, ಬಹುಮಟ್ಟಿಗೆ ಇವೇ ನಡೆಗಳು. ಪುಸ್ತಕವನ್ನು ಎರಡನೆಯ ಸಲ ಓದುವಾಗ ನಮಗೆ ಹೊಳೆಯಿತು: ಇದು ನಮ್ಮ ತಂದೆಯವರ ಜಗಲಿಯ ಆಟವೇ. ಮೊದಲು ವ್ಯೂಹ, ಆಮೇಲೆ ಯುದ್ಧ.

ಆದರೆ ವ್ಯೂಹ ಕಟ್ಟಿ ಕೂರುವುದಲ್ಲ ಇದರ ಗುರಿ. ಇಷ್ಟೆಲ್ಲ ಸಿದ್ಧತೆಯೂ ಒಂದೇ ಒಂದು ಹೆಜ್ಜೆಗಾಗಿ. ಇ3ರಲ್ಲಿ ತಾಳ್ಮೆಯಿಂದ ನಿಂತಿದ್ದ ಕಾಲಾಳು ಒಂಬತ್ತನೆಯ ನಡೆಯ ಹೊತ್ತಿಗೆ ಇ4ಕ್ಕೆ ಕಾಲಿಡುತ್ತದೆ. ಒಂಟೆ, ಕುದುರೆ, ಆನೆ ಮೂರೂ ಆಗಲೇ ಆ ಮನೆಯನ್ನು ಕಾಯುತ್ತಿರುತ್ತವೆ. ಬಿಟ್ಟರೆ ಆ ಕಾಲಾಳು ಇನ್ನೂ ಒಂದು ಹೆಜ್ಜೆ ಮುಂದೆ ಬಂದು, ಕಪ್ಪು ರಾಜನ ಕಾವಲಿಗೆ ನಿಂತ ಎಫ್6ರ ಕುದುರೆಯನ್ನು ಓಡಿಸುತ್ತದೆ. ಆಗ ಡಿ3ರ ಒಂಟೆಯ ದೃಷ್ಟಿ ನೇರವಾಗಿ ರಾಜನ ಪಕ್ಕದ ಎಚ್7ರ ಮನೆಗೆ ಬೀಳುತ್ತದೆ. ಕಪ್ಪಿನವರು ಸಿ5ರ ಕಾಲಾಳನ್ನು ಸಿ4ಕ್ಕೆ ನೂಕಿ ಒಂಟೆಯನ್ನು ಗದರಿಸಿದರೆ ಒಂಟೆ ಸಿ2ಕ್ಕೆ ಸರಿದರಾಯಿತು. ಗದರಿಸಿದವರು ಡಿ4ರ ಮೇಲಿನ ತಮ್ಮ ಒತ್ತಡವನ್ನೇ ಕಳೆದುಕೊಂಡಿರುತ್ತಾರೆ, ಇ4 ಇನ್ನೂ ಸುಲಭವಾಗುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಒಂದು ತಿಂಗಳು ಬೇಕಾಯಿತು. ನಡೆಗಳನ್ನು ಕಲಿತದ್ದು ಒಂದೇ ಬೆಳಗಿನಲ್ಲಿ.

ಪದ್ಧತಿಯಲ್ಲಿ ದೋಷವಿಲ್ಲವೆ? ಇದೆ. ಸಿ1ರಲ್ಲಿರುವ ಎರಡನೆಯ ಒಂಟೆ ತನ್ನ ಕಾಲಾಳುಗಳ ಹಿಂದೆಯೇ ಸೆರೆಯಾಗುತ್ತದೆ. ಇ4 ಆಗಿ, ಡಿ2ರ ಕುದುರೆ ಮುಂದೆ ಹಾರಿದ ಮೇಲಷ್ಟೇ ಅದಕ್ಕೆ ಬಿಸಿಲು. ಈಗ ಮಕ್ಕಳೆಲ್ಲ ಮೆಚ್ಚಿಕೊಂಡಿರುವ ಲಂಡನ್ ಪದ್ಧತಿಯಲ್ಲಿ ಈ ಒಂಟೆಯನ್ನು ಮೊದಲೇ ಎಫ್4ಕ್ಕೆ ತಂದು ಆಮೇಲೆ ಬಾಗಿಲು ಮುಚ್ಚುತ್ತಾರೆ. ಜಾಣತನವೇ ಸರಿ. ಆದರೆ ಹಾಗೆ ಮೊದಲೇ ಹೊರಬಿದ್ದ ಒಂಟೆಯನ್ನು ಎದುರಾಳಿಯ ಕುದುರೆಗಳು ಅಟ್ಟುವುದನ್ನೂ ನೋಡಿಕೊಳ್ಳಬೇಕು. ನಮಗೆ ಕಾಲೆಯೇ ಹಿಡಿಸಿತು. ಕಾಯುವವನೊಬ್ಬ ಒಳಗಿದ್ದಾನೆಂಬ ನೆನಪು ಇ4 ಆಡಲು ಒತ್ತಾಯಿಸುತ್ತಿರುತ್ತದೆ. ಕಪ್ಪಿನವರು ಜಿ6 ಆಡಿ ತಮ್ಮ ಒಂಟೆಯನ್ನು ಜಿ7ರಲ್ಲಿ ಕೂರಿಸಿದರೆ ಮಾತ್ರ ಕಾಲೆಗೆ ಕಷ್ಟ. ಡಿ3ರ ಒಂಟೆ ಬಂಡೆಯನ್ನು ಗುದ್ದಿದಂತಾಗುತ್ತದೆ.

ಎಡ್ಗಾರ್ ಕಾಲೆ ಬೆಲ್ಜಿಯಂ ದೇಶದವನು, 1897ರಲ್ಲಿ ಹುಟ್ಟಿದನು. ಆರು ಸಲ ತನ್ನ ದೇಶದ ಚಾಂಪಿಯನ್ ಆದನು. ಅವನ ಹೊಟ್ಟೆಯಲ್ಲಿ ಹುಣ್ಣು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗಳಾಗಿ, 1932ರಲ್ಲಿ, ಇನ್ನೂ 34ನೆಯ ವಯಸ್ಸಿನಲ್ಲಿ ತೀರಿಕೊಂಡನು. ಇಂತಹ ರೋಗಿಷ್ಠನು ಗಟ್ಟಿಯಾದ, ನಿಧಾನದ ಆರಂಭವನ್ನು ಆರಿಸಿಕೊಂಡುದು ಸಹಜವೆನ್ನಬಹುದು. ಆದರೆ ಅವನು ಡ್ರಾಗಾಗಿ ಆಡಿದವನಲ್ಲ. 1930ರಲ್ಲಿ ನೀಸ್ ಪಟ್ಟಣದಲ್ಲಿ ಐರ್ಲೆಂಡಿನ ಒ'ಹಾನ್ಲನ್ ಎಂಬವನ ವಿರುದ್ಧ ಆಡಿದ ಆಟವನ್ನು ನಾವು ಮಣೆಯ ಮೇಲೆ ಹಲವು ಸಲ ಇಟ್ಟು ನೋಡಿದ್ದೇವೆ. ಒಂಬತ್ತನೆಯ ನಡೆಯಲ್ಲಿ ಇ4. ಹನ್ನೆರಡನೆಯ ನಡೆಯಲ್ಲಿ ಒಂಟೆಯನ್ನು ಎಚ್7ರಲ್ಲಿ ಬಲಿಕೊಟ್ಟು ರಾಜನನ್ನು ಬೀದಿಗೆಳೆದನು. ಇಪ್ಪತ್ತು ನಡೆಗಳಲ್ಲಿ ಆಟ ಮುಗಿಯಿತು. ಅವನ ದೇಶದವನೇ ಆದ ಕೋಲ್ಟನೋವ್‌ಸ್ಕಿ ಈ ಪದ್ಧತಿಯನ್ನು ಮುಂದೆ ಊರೂರಿಗೆ ಹಬ್ಬಿಸಿದನು. ಮಣೆಯನ್ನು ನೋಡದೆಯೇ 34 ಮಂದಿಯೊಡನೆ ಏಕಕಾಲಕ್ಕೆ ಆಡಿದವನು ಈತ, 1937ರಲ್ಲಿ.

ನಮ್ಮ ನಾಡಿನವನೊಬ್ಬನನ್ನೂ ಇಲ್ಲಿ ನೆನೆಯಬೇಕು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ನಮ್ಮ ಜಗಲಿಯ ನಿಯಮಗಳಂತಹ ಹಳೆಯ ನಿಯಮಗಳಲ್ಲಿಯೇ ಆಟ ಕಲಿತವನು. 1929ರಲ್ಲಿ ಇಂಗ್ಲೆಂಡಿಗೆ ಹೋದವನು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದನು. 1932ರಲ್ಲಿ, 1933ರಲ್ಲಿ ಮತ್ತೆ ಆದನು. ಹೇಸ್ಟಿಂಗ್ಸ್‌ನ 1930-31ರ ಪಂದ್ಯದಲ್ಲಿ ಕಾಪಾಬ್ಲಾಂಕನಂತಹ ಮಾಜಿ ವಿಶ್ವವಿಜೇತನನ್ನು ಬಿಳಿಯ ಕಾಯಿಗಳಿಂದ ಸೋಲಿಸಿದಾಗಲೂ ಮಣೆಯ ನಡುವೆ ಕಾಲೂರಿದ್ದುದು ಮಂತ್ರಿಯ ಮುಂದಣ ಕಾಲಾಳೇ. ಬದುಕಿದ್ದಾಗ ದೊರೆಯದ ಗ್ರ್ಯಾಂಡ್‌ಮಾಸ್ಟರ್ ಗೌರವ ಅವನಿಗೆ 2024ರಲ್ಲಿ, ತೀರಿಕೊಂಡು ಐವತ್ತೆಂಟು ವರ್ಷಗಳಾದ ಮೇಲೆ, ಸಂದಿತು.

ಇಂತಹ ಆರಂಭ ಮುದುಕರದು, ಸಪ್ಪೆ ಎಂದು ಮೊಮ್ಮಗ ರೇಗಿಸುತ್ತಿದ್ದನು. 2023ರ ಏಪ್ರಿಲಿನಲ್ಲಿ ಅವನೇ ದೂರವಾಣಿ ಮಾಡಿದನು. ವಿಶ್ವ ಚಾಂಪಿಯನ್‌ಶಿಪ್ಪಿನ ಹನ್ನೆರಡನೆಯ ಆಟದಲ್ಲಿ, ಒಂದು ಅಂಕ ಹಿಂದಿದ್ದ ಚೀನದ ಡಿಂಗ್ ಲಿರೆನ್, ನೆಪೋಮ್ನಿಯಾಷಿಯ ಎದುರು ಕಾಲೆ ಪದ್ಧತಿಯನ್ನೇ ಆಡಿ ಗೆದ್ದು ಸಮ ಮಾಡಿದ್ದನು. "ತಾತ, ನಿಮ್ಮ ಆಟ!" ಎಂದನು ಮೊಮ್ಮಗ. ನಾವು ಮರುಮಾತಾಡದೆ ಫೋನನ್ನು ಅವನ ಅಜ್ಜಿಗೆ ಕೊಟ್ಟೆವು.

ಆ ದಿನಗಳಲ್ಲಿಯೇ ಶನಿವಾರಗಳಂದು ಡೆಂಕಣಿಕೋಟೆಯ ಕಡೆಯ ಕನ್ನಡ ಮಾಧ್ಯಮದ ಕೆಲವು ಮಕ್ಕಳಿಗೆ ನಾವು ಈ ಆಟವನ್ನು ಹೇಳಿಕೊಡುತ್ತಿದ್ದೆವು. ಗುಲಾಬಿ ಬೆಳೆಯುವ ಹಸಿರುಮನೆಗಳಲ್ಲಿ ಕೂಲಿಮಾಡುವವರ ಮಕ್ಕಳು. ನಾಲ್ಕೇ ನಡೆಗಳಲ್ಲಿ ಮಾತಾಗಿ ಅಳುತ್ತ ಏಳುತ್ತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ಕಾಲೆ ವ್ಯೂಹ ಅಕ್ಷರಶಃ ಆಸರೆಯಾಯಿತು. ಶಾಲೆಗಳ ನಡುವಣ ಪಂದ್ಯದಲ್ಲಿ ಒಂದು ಸಣ್ಣ ತೊಡಕಾಯಿತು. ಎದುರಿನ ಹುಡುಗ "ಉನ್ ಮಂದಿರಿ ಪೋಚ್ಚು" ಎಂದನಂತೆ. ಇವಳು ಬೆಚ್ಚಿ ಮಂತ್ರಿಯನ್ನು ಹುಡುಕಿದಳು. ಮಂತ್ರಿ ಇದ್ದಲ್ಲೇ ಇತ್ತು. ಕನ್ನಡದಲ್ಲಿ ನಾವು ಮಂತ್ರಿ ಎನ್ನುವುದು ರಾಣಿಗೆ. ತಮಿಳು ಮಕ್ಕಳು ಮಂದಿರಿ ಎನ್ನುವುದು ಒಂಟೆಗೆ. ಹೋದದ್ದು ಒಂಟೆ! ಅವಳು ಆ ಆಟವನ್ನು ಡ್ರಾ ಮಾಡಿಕೊಂಡು ಬಂದು ಇದನ್ನು ಹೇಳಿದಾಗ ಅಯ್ಯಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಚೆನ್ನೈನ ಗುಕೇಶ್ 2024ರ ಡಿಸೆಂಬರ್ 12ರಂದು, ಹದಿನೆಂಟನೆಯ ವಯಸ್ಸಿಗೆ, ಸಿಂಗಪುರದಲ್ಲಿ ವಿಶ್ವವಿಜೇತನಾದಾಗ ಆ ಹುಡುಗಿ ಸಂತೆಯಿಂದ ಮಿಠಾಯಿ ತಂದು ಹಂಚಿದಳು.

ಆ ಮಿಠಾಯಿಯನ್ನು ಅಯ್ಯಾ ತಿನ್ನಲಿಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಏಳದು, ಬಾಯಿ ಒಂದು ಕಡೆಗೆ ಎಳೆದಿದೆ, ನುಂಗುವುದು ಕಷ್ಟ. ನಾಲ್ವತ್ತು ವರ್ಷ ತರಗತಿಯಲ್ಲಿ ಕಂಬನನ್ನು ವಾಚಿಸಿದವರಿಗೆ ನೀರು ಬೇಕೆಂದು ಹೇಳಲು ಮಾತು ಸಿಗುತ್ತಿರಲಿಲ್ಲ. ವ್ಯಾಯಾಮ ಮಾಡಿಸಲು ಬರುವ ತರುಣಿ, ಹೇಗಾದರೂ ಮಾಡಿ ಅವರಿಂದ ಮಾತಾಡಿಸುತ್ತಿರಬೇಕು, ಸುಮ್ಮನೆ ಬಿಡಬಾರದು ಎಂದಿದ್ದಳು. ಮನೆಯವರು ಹಾಡು ಹಾಕಿದರು, ಹಳೆಯ ಶಿಷ್ಯರನ್ನು ಕರೆಸಿದರು. ಅಯ್ಯಾ ಗೋಡೆಯ ಕಡೆ ತಿರುಗಿ ಮಲಗುವರು. ಅವರ ಸೊಸೆ ನಮ್ಮ ಮನೆಗೆ ಬಂದು, "ನೀಂಗ ವಾಂಗ ಸಾರ್" ಎಂದಷ್ಟೇ ಹೇಳಿದಳು.

ನಾವು ಮಣೆಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಕಾಯಿಗಳನ್ನು ಜೋಡಿಸಿದೆವು. ಡಿ4 ಆಡಿದೆವು. ಬಹಳ ಹೊತ್ತು ಕಾದೆವು. ಅಯ್ಯಾ ತುಟಿ ಅಲುಗಿಸಿ, "ಡಿ... ಅಂಜು" ಎಂದರು. ಅವರ ಕಪ್ಪು ಕಾಲಾಳನ್ನು ನಾವೇ ಎತ್ತಿ ಡಿ5ಕ್ಕೆ ಇಟ್ಟೆವು. ಬಾಗಿಲಲ್ಲಿ ನಿಂತಿದ್ದ ಸೊಸೆ ಒಳಕ್ಕೆ ಹೋಗಿಬಿಟ್ಟಳು.

ಆ ದಿನದಿಂದ ಎರಡು ಸೈನ್ಯವನ್ನೂ ನಡೆಸುವ ಕೈ ನಮ್ಮದು. ರಾಜನ ಕಾಲಾಳಿನ ಹಳೆಯ ಆಟವನ್ನೇ ಆಡುತ್ತಿದ್ದರೆ ಹೇಗಾಗುತ್ತಿತ್ತೋ ಎಂದು ನಾವು ಯೋಚಿಸಿದ್ದುಂಟು. ಹತ್ತನೆಯ ನಡೆಗೆ ಕಾಯಿಗಳು ಕತ್ತರಿಸಿ ಬೀಳುವ ಆಟದಲ್ಲಿ ಅವರು ಸೋತು ಮುಖ ತಿರುಗಿಸುತ್ತಿದ್ದರು, ಇಲ್ಲವೇ ನಾವು ಬೇಕೆಂದೇ ಸೋತು ಅವರಿಗೆ ಅದು ತಿಳಿದುಬಿಡುತ್ತಿತ್ತು. ಕಾಲೆಯ ವ್ಯೂಹದಲ್ಲಿ ಬೇಗ ಏನೂ ಆಗುವುದಿಲ್ಲ. ಮೊದಲ ಎಂಟು ನಡೆಗಳಲ್ಲಿ ಅವರು ಎಂಟು ಸಲ ಬಾಯಿ ತೆರೆಯಬೇಕು, ಯಾವುದಕ್ಕೂ ಅವಸರವಿಲ್ಲ. ಒಂದೂವರೆ ಗಂಟೆ, ಎರಡು ಗಂಟೆ ಆಟ ನಡೆಯುತ್ತದೆ. ಮೊದಲು ಮನೆಗಳ ಹೆಸರು ಬಂದವು. ಆಮೇಲೆ ಕಾಯಿಗಳ ಹೆಸರು. ಒಂದು ಸಂಜೆ "ಮಂದಿರಿ" ಎಂದರು. ನಾವು ಅಭ್ಯಾಸಬಲದಿಂದ ರಾಣಿಯ ಮೇಲೆ ಕೈಯಿಟ್ಟೆವು. ಅವರು ತಲೆಯಾಡಿಸಿದರು. ಮತ್ತೆ, ಸ್ವಲ್ಪ ಸಿಟ್ಟಿನಿಂದ, "ಮಂದಿರಿ." ಆಗ ತಿಳಿಯಿತು, ಅವರು ಕೇಳುತ್ತಿದ್ದುದು ಒಂಟೆಯನ್ನು. ಹದಿನೈದು ವರ್ಷ ನಮ್ಮ ಸಲುವಾಗಿ ಕನ್ನಡದ ಹೆಸರುಗಳಲ್ಲಿ ಆಡಿದವರು ಈಗ ತಾಯ್ನುಡಿಗೆ ಮರಳಿದ್ದರು. ಒಂಟೆಯನ್ನು ಎತ್ತಿ ತೋರಿಸಿದಾಗ ಸಮಾಧಾನದಿಂದ ಕಣ್ಣು ಮುಚ್ಚಿದರು. ಅಂದಿನಿಂದ ಆ ಮಣೆಯ ಮೇಲೆ ನಾವೂ ಒಂಟೆಯನ್ನು ಮಂದಿರಿ ಎನ್ನುತ್ತೇವೆ, ಮಂತ್ರಿಯನ್ನು ರಾಣಿ ಎನ್ನುತ್ತೇವೆ. ಕನ್ನಡ ಸಂಘದ ಸಂಚಿಕೆಯಲ್ಲಿ ಇದನ್ನು ಹೇಳಲು ನಮಗೆ ಸಂಕೋಚವಿಲ್ಲ.

ನಾವು ಅವರಿಗೆ ರಿಯಾಯಿತಿ ತೋರಿಸುವುದಿಲ್ಲ. ಇ4 ಆಡುವ ಹೊತ್ತು ಬಂದರೆ ಆಡುತ್ತೇವೆ. ಒಮ್ಮೆ ಎಚ್7ರಲ್ಲಿ ಒಂಟೆಯನ್ನು ಬಲಿಕೊಟ್ಟು ಗೆದ್ದೆವು. ಅವರು ಎಡಗೈಯಿಂದ ತಮ್ಮ ರಾಜನನ್ನು ತಾವೇ ಮಲಗಿಸಿದರು, ಕಾಯಿಲೆಯಾದ ಮೇಲೆ ಮೊದಲ ಬಾರಿಗೆ ಕಾಯಿಯೊಂದನ್ನು ಮುಟ್ಟಿ. ಅವರು ಗೆದ್ದ ದಿನ ವಲ್ಲಭನಾಥನ ಹೆಸರು ಪೂರ್ತಿಯಾಗಿ ಬರುವುದಿಲ್ಲ, 'ವಲ್ಲ' ಎಂಬಲ್ಲಿಗೆ ನಿಲ್ಲುತ್ತದೆ. ಆದರೂ ಹೇಳುತ್ತಾರೆ.

ಕಳೆದ ತಿಂಗಳು ಒಂದು ಸಂಜೆ ನಾವು ಎಂದಿನಂತೆ ಡಿ4, ಕುದುರೆ ಎಫ್3, ಇ3 ಎಂದು ವ್ಯೂಹ ಕಟ್ಟುತ್ತಿದ್ದಾಗ ಅಯ್ಯಾ ಬಹಳ ಹೊತ್ತು ಮಣೆಯನ್ನು ನೋಡಿ, ಸ್ಪಷ್ಟವಾಗಿ, "ಜಿ ಆರು" ಎಂದರು. ಮೂರು ವರ್ಷಗಳಲ್ಲಿ ಒಮ್ಮೆಯೂ ಆಡದ ನಡೆ. ಹಾಸಿಗೆಯಲ್ಲಿ ಮಲಗಿದಲ್ಲಿಯೇ ನಮ್ಮ ಪದ್ಧತಿಯ ಮರ್ಮವನ್ನು ಹುಡುಕಿ ತೆಗೆದಿದ್ದರು. ನಮ್ಮ ಡಿ3ರ ಒಂಟೆ ಆ ಆಟದುದ್ದಕ್ಕೂ ಬಂಡೆ ಗುದ್ದಿತು, ನಾವು ಸೋತೆವು. ಮರುದಿನವೂ ಜಿ6, ಅದರ ಮರುದಿನವೂ ಜಿ6. ಬರುವ ಭಾನುವಾರ ಮೊಮ್ಮಗ ಬೆಂಗಳೂರಿನಿಂದ ಬರುವವನಿದ್ದಾನೆ. ಒಂಟೆಯನ್ನು ಮೊದಲೇ ಎಫ್4ಕ್ಕೆ ತರುವ ಲಂಡನ್ ಪದ್ಧತಿಯಲ್ಲಿ ಜಿ6ಕ್ಕೆ ಏನು ಉತ್ತರವೆಂದು ಅವನನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾಗಿದೆ.